ಮರದ ಗಂಟು ಒಲೆಗೂ ಬೇಡ, ಕೊಡಲಿಗೂ ಬೇಡ

ಶಿಗ್ಗಾಂವಿ ತಾಲೂಕಿನ ಗೊಟಗೋಡಿಗೆ ಬಂದವರು ಅಲ್ಲಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬಾಳುವೆಯ ಶಿಲ್ಪಗಳನ್ನು ನೋಡಿ ಸಂತೋಷಪಡುವರು. 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವೂ ಈ ಗ್ರಾಮದಲ್ಲಿಯೇ ಇರುವುದು. ಹಳ್ಳಿಯ ಕಸಬುಗಳನ್ನು ಶಿಲ್ಪದಲ್ಲಿ ಮೆಚ್ಚುವ ನಾವು, ಬದುಕಿರುವ ಕಸಬುದಾರನಿಗೆ ಒದಗಬಹುದಾದ ಒಂದು ಉತ್ತಮ ಪದಾರ್ಥವನ್ನು ಒಲೆಗೆ ಹಾಕುತ್ತಿರುವೆವು. ಅದು ಮರದ ಗಂಟು.

ಹುಣಸೆ, ಬೇವು, ಜಾಲಿ ಮೊದಲಾದ ಹಳೆಯ ಮರಗಳ ಬೊಡ್ಡೆಯ ಮೇಲೆ ಬುಟ್ಟಿಯಂತೆ ಉಬ್ಬಿದ ಗಂಟುಗಳನ್ನು ಎಲ್ಲರೂ ಕಂಡಿರುವರು. ಮರಕ್ಕೆ ಪೆಟ್ಟು ಬಿದ್ದಾಗ, ಕೀಟ ಅಥವಾ ಶಿಲೀಂಧ್ರದ ಬಾಧೆಯಾದಾಗ, ಒಡೆಯದೆ ಉಳಿದ ಮೊಗ್ಗುಗಳು ಒಂದೆಡೆ ಒತ್ತಾಗಿ ಬೆಳೆದು ಇಂಥ ಗಂಟು ಆಗುವುದುಂಟು. ಇದರ ಎಳೆಗಳು ನೇರವಾಗಿರದೆ ಸುತ್ತಿ ಸುಳಿದಿರುವುದರಿಂದ ಕೊಯ್ದಾಗ ಕಣ್ಣು ಕಣ್ಣಾದ ಚಿತ್ತಾರ ಕಾಣುವುದು. ಸುಲಭವಾಗಿ ಸೀಳುವುದೂ ಇಲ್ಲ. ಆದುದರಿಂದ ಚೂರಿಯ ಹಿಡಿಕೆಗೆ ಇದು ಬಹು ಯೋಗ್ಯವಾದುದು. ಕೈಕೆಲಸದ ಚೂರಿಗಳನ್ನು ಬಯಸುವವರು ಇಂಥ ಹಿಡಿಕೆಗೆ ಹೆಚ್ಚಿನ ಬೆಲೆ ಕೊಡುವರು. ಕೊಡಲಿಯ ಕಾವಿಗೆ ಮಾತ್ರ ಇದು ಸಲ್ಲದು. ಅದಕ್ಕೆ ನೇರ ಎಳೆಯ ಜಾಲಿಯೇ ಬೇಕು.

ಬೆಲೆಯ ಮಾತು ಕೇಳಿದೊಡನೆ ಕೆಲವರು ನಿಂತ ಮರದ ಗಂಟಿಗೆ ಕೊಡಲಿ ಹಾಕುವರು. ಇದು ಒಲೆಗೆ ಹಾಕುವುದಕ್ಕಿಂತಲೂ ದೊಡ್ಡ ತಪ್ಪು. ಗಂಟು ತಾನಾಗಿ ಮರವನ್ನು ಕೊಲ್ಲುವುದು ಅಪರೂಪ. ಅದನ್ನು ಕಡಿದ ಗಾಯ ಕೊಲ್ಲಬಲ್ಲದು. ನಾನು ಸಂಚಾರದಲ್ಲಿ ಕಂಡ ಒಂದು ಬದುವಿನ ಹುಣಸೆಯ ಮರಕ್ಕೆ ಹೀಗೆಯೇ ಆಯಿತು. ಗಾಯದಿಂದ ನೀರಿಳಿದು ಒಳಗಿನ ತಿರುಳು ಕೊಳೆತು, ಕೆಲವು ಮಳೆಗಾಲಗಳೊಳಗೆ ಗಾಳಿಗೆ ಬಿದ್ದಿತು. ಒಮ್ಮೆ ಬಂದ ಹಣಕ್ಕಾಗಿ ವರುಷ ವರುಷದ ಹುಣಸೆಹಣ್ಣೂ ನೆರಳೂ ಹೋದುವು. ನನ್ನ ಹೊಲದ ಮರ ನನ್ನದು ಎಂಬ ಮಾತು ನಿಜ. ಆದರೆ ಅಜ್ಜ ನೆಟ್ಟುದನ್ನು ಮೊಮ್ಮಗನಿಗೆ ಮುಟ್ಟಿಸುವ ಹೊಣೆಯೂ ಯಜಮಾನನದೇ.

ಆದುದರಿಂದ ಗಾಳಿಗೆ ಬಿದ್ದ, ಒಣಗಿದ, ಇಲ್ಲವೆ ಅನುಮತಿ ಪಡೆದು ಕಡಿದ ಮರದ ಗಂಟನ್ನು ಮಾತ್ರ ತೆಗೆಯತಕ್ಕದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸ್ವಂತ ಹೊಲದ ಮರವನ್ನು ಕಡಿಯಲೂ ಸಾಮಾನ್ಯವಾಗಿ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು.

ಗಂಟನ್ನು ಬೊಡ್ಡೆಯ ಒಂದಿಷ್ಟು ಭಾಗದೊಡನೆ ಗರಗಸದಿಂದ ಕೊಯ್ದು, ಕೊಯ್ದ ಮೈಗಳಿಗೆಲ್ಲ ಕೂಡಲೆ ಕರಗಿಸಿದ ಮೇಣವನ್ನು ಬಳಿಯಬೇಕು. ಬಿಸಿಲಿಗಿಟ್ಟರೆ ಒಂದೊಂದು ಕಡೆ ಒಂದೊಂದು ರೀತಿ ಕುಗ್ಗಿ ಬಿರಿಯುವುದು. ಗಾಳಿಯಾಡುವ ನೆರಳಿನಲ್ಲಿ, ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರುಷದಂತೆ ಒಣಗಿಸತಕ್ಕದ್ದು. ಉಜ್ಜುವಾಗ ಏಳುವ ಧೂಳು ಶ್ವಾಸಕ್ಕೆ ಕೆಟ್ಟದ್ದು. ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ನುಣುಪಾದ ಹಿಡಿಕೆಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿದರೆ ಚಿತ್ತಾರ ಎದ್ದು ಕಾಣುವುದು. ಎಣ್ಣೆಯ ಅರಿವೆಯನ್ನು ಮುದ್ದೆಮಾಡಿ ಇಡಬಾರದು. ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಬೇಕು.

ಊರಿನ ಪ್ರಮುಖರಿಂದ ಆಗಬೇಕಾದುದು ಇಷ್ಟೆ. ಮರ ಬಿದ್ದ ದಿನ, ಸೌದೆ ಒಡೆಯುವವನಿಗಿಂತ ಮೊದಲು ಬಡಿಗನನ್ನೂ ಕಮ್ಮಾರನನ್ನೂ ಕರೆಯಿಸಿರಿ. ಗಂಟನ್ನು ಅವರ ವಶಕ್ಕೆ ಕೊಟ್ಟು, ಬಂದ ಲಾಭದಲ್ಲಿ ಪಾಲನ್ನು ಮೊದಲೇ ಮಾತಾಡಿಕೊಳ್ಳಿರಿ. ಬಿದ್ದ ಮರದ ತಾವಿನಲ್ಲಿ ಮಳೆಗಾಲದ ಮೊದಲಿಗೇ ಒಂದು ಹುಣಸೆಯ ಸಸಿಯನ್ನು ನೆಡಿರಿ. ಹೀಗೆ ನಡೆದರೆ ಕಸಬೂ ಉಳಿಯುವುದು, ಮರವೂ ಉಳಿಯುವುದು.