ಮಸ್ಕಿ, ಲಿಂಗಸುಗೂರು, ಸಿಂಧನೂರು ಪಟ್ಟಣಗಳ ಹಳೇ ಊರಿನ ಪುನಶ್ಚೇತನ ಕುರಿತು ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

(ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು ಇವರ ಮೂಲಕ)

ವಿಷಯ: ಮೂರೂ ಪಟ್ಟಣಗಳ ಹಳೇ ಓಣಿಗಳಲ್ಲಿ ಸುಂದರೀಕರಣಕ್ಕಿಂತ ಮೊದಲು ಗಟಾರ, ಮನೆ ದುರಸ್ತಿ ಹಾಗೂ ಇ-ಖಾತಾ ಕೆಲಸ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ಮಸ್ಕಿಯ ಹಳೇ ಊರಿನ ನಮ್ಮ ಓಣಿಯಲ್ಲಿ ಒಂದು ಮನೆ ಇದೆ. ಹಿಂದೆ ಅದರೊಳಗೆ ಹೋಗಲು ಮೂರು ಮೆಟ್ಟಿಲು ಹತ್ತಬೇಕಿತ್ತು. ಎಡಬಲಕ್ಕೆ ಕಲ್ಲಿನ ಕಟ್ಟೆ; ಸಂಜೆ ಹೆಣ್ಣುಮಕ್ಕಳು ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದರು. ರಸ್ತೆಗೆ ಒಮ್ಮೆ ಡಾಂಬರು ಬಿತ್ತು, ಆಮೇಲೆ ಎರಡು ಸಲ ಕಾಂಕ್ರೀಟ್ ಬಿತ್ತು. ಹಳೆಯದನ್ನು ಕೀಳದೆ ಒಂದರ ಮೇಲೊಂದು ಹಾಸಿದರು. ಮೆಟ್ಟಿಲು ಮೂರೂ ಹೂತುಹೋದವು, ಕಟ್ಟೆ ರಸ್ತೆಗೆ ಸಮವಾಯಿತು. ಈಗ ಆ ಮನೆಯೊಳಗೆ ಒಂದು ಗೇಣು ಇಳಿದು ಹೋಗಬೇಕು. ಮಳೆ ಬಂದ ರಾತ್ರಿ ಮನೆಯವರು ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಹೊಸ್ತಿಲಿಗೆ ಅಡ್ಡ ಇಟ್ಟು, ಪಡಸಾಲೆಯಲ್ಲಿ ಬುಟ್ಟಿ, ಕೊಡ ಹಿಡಿದು ಎಚ್ಚರವಿರುತ್ತಾರೆ. ಪಕ್ಕದ ಎರಡು ಮನೆಗಳಿಗೆ ಬೀಗ ಬಿದ್ದಿದೆ. ಅವರು ಗುಳೆ ಹೋಗಿದ್ದಾರೆ. ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆಗೆ ಕಾಲಕಾಲಕ್ಕೆ ಮೇಲೆ ಮಣ್ಣು ಹಾಕುವವರಿಲ್ಲದಿದ್ದರೆ ಕೆಲವೇ ಮಳೆಗಾಲಗಳಲ್ಲಿ ತೊಲೆ ಕೊಳೆತು ಮಾಳಿಗೆ ಕುಸಿಯುತ್ತದೆ. ಹಳೇ ಊರು ಒಮ್ಮೆಲೇ ಬೀಳುವುದಿಲ್ಲ. ಹೀಗೆ ಒಂದೊಂದೇ ಮನೆಯಾಗಿ ಬೀಳುತ್ತದೆ.

ರಾಷ್ಟ್ರೀಯ ಹೆದ್ದಾರಿ 150ಎ ನಮ್ಮ ಮೂರೂ ಊರನ್ನು ಒಂದೇ ದಾರದಲ್ಲಿ ಪೋಣಿಸಿದೆ. ಬ್ಯಾಂಕು, ಆಸ್ಪತ್ರೆ, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ ಎಲ್ಲವೂ ಹಿಂದಿನ ಪೇಟೆ ಬಿಟ್ಟು ಆ ರಸ್ತೆಯ ಬದಿಗೆ ಹೋದವು. ಅದನ್ನು ನಾವು ತಪ್ಪೆನ್ನುವುದಿಲ್ಲ. ವ್ಯಾಪಾರ ಗಿರಾಕಿ ಇದ್ದಲ್ಲಿಗೆ ಹೋಗುತ್ತದೆ. ಆದರೆ ಸಾರ್ವಜನಿಕ ಹಣವೂ ಅದರ ಬೆನ್ನು ಹತ್ತಿ ಹೋಗಬೇಕೇ? ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತ ಬಂತು, ರೈಸ್ ಮಿಲ್ಲು ಬಂದವು, 2024ರಲ್ಲಿ ರೈಲೂ ಬಂತು. ಊರು ಇನ್ನಷ್ಟು ಹೊರಕ್ಕೆ ಬೆಳೆಯುತ್ತದೆ, ಒಳಗಿನ ಓಣಿ ಇನ್ನಷ್ಟು ಹಿಂದೆ ಬೀಳುತ್ತದೆ. ಲಿಂಗಸುಗೂರು ನಿಜಾಮರ ಆಡಳಿತದಲ್ಲಿ 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಹಿರಿಯರ ಬಾಯಲ್ಲಿ ಅದು ಇಂದಿಗೂ ಛಾವಣಿ, ಅಂದರೆ ದಂಡಿನ ನೆಲೆ; ಆದರೆ ಅಲ್ಲಿನ ಹಳೇ ಓಣಿಯೂ ಹೀಗೇ ಹಿಂದೆ ಬಿದ್ದಿದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಸಿಂಧನೂರು, ಲಿಂಗಸುಗೂರುಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಮಸ್ಕಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಸಂವಿಧಾನದ 371ಜೆ ವಿಧಿಯಿಂದ ಈ ಭಾಗಕ್ಕೆ ಪ್ರತ್ಯೇಕ ಮಂಡಳಿ ದೊರೆತದ್ದು ಅಂಥ ಅಸಮತೋಲನ ತಗ್ಗಿಸಲೆಂದೇ. ಆದರೆ ತಾಲ್ಲೂಕನ್ನೇ ಅಳತೆಗೋಲು ಮಾಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ. ಹೆದ್ದಾರಿ ಬದಿಯ ಏಳಿಗೆ ಮತ್ತು ಹಳೇ ಊರಿನ ಇಳಿಕೆ ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಊರು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಈ ಮೂರು ಪಟ್ಟಣಗಳಲ್ಲಿ ಓಣಿವಾರು ಸಮೀಕ್ಷೆ ನಡೆಸಿ, ಬೀಗ ಬಿದ್ದ ಮನೆ, ಕುಸಿದ ಮನೆ, ನೀರು ನುಗ್ಗುವ ಮನೆಗಳ ಲೆಕ್ಕ ತೆಗೆದು, ಹಳೇ ಊರಿಗೆಂದೇ ಪ್ರತ್ಯೇಕ ಶೀರ್ಷಿಕೆಯಡಿ ಅನುದಾನ ಮೀಸಲಿಡಬೇಕೆಂದು ಕೇಳಿಕೊಳ್ಳುತ್ತೇವೆ.

ಕೆಲಸದ ಸರದಿ ನಮಗೆ ಬಹಳ ಮುಖ್ಯ. ಮೊದಲು ಗಟಾರ, ಆಮೇಲೆ ರಸ್ತೆ. ಹೊಸ ರಸ್ತೆ ಹಾಕುವ ಮುನ್ನ ಹಳೆಯದನ್ನು ಪೂರ್ತಿ ಅಗೆದು ತೆಗೆಯಬೇಕು. ಮುಗಿದ ರಸ್ತೆ ಓಣಿಯ ಅತಿ ತಗ್ಗಿನ ಹೊಸ್ತಿಲಿಗಿಂತ ಕೆಳಗಿರಬೇಕು. ಈ ಷರತ್ತು ಟೆಂಡರಿನಲ್ಲೇ ಬರೆದಿರಲಿ, ಅಳತೆ ನೋಡದೆ ಬಿಲ್ಲು ಪಾಸಾಗದಿರಲಿ. ಅಂದಾಜು ಪಟ್ಟಿಯನ್ನು ಕೆಲಸ ಶುರುವಾಗುವ ಮೊದಲೇ ಓಣಿಯ ಗುಡಿ ಅಥವಾ ಮಸೀದಿಯ ಹತ್ತಿರ ಕನ್ನಡದಲ್ಲಿ ಹಚ್ಚಿದರೆ ಜನರೇ ಕಾವಲು ನಿಲ್ಲುತ್ತಾರೆ.

ಮಸ್ಕಿಯದು ಇನ್ನೊಂದು ಕಷ್ಟ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಗುಡ್ಡದಲ್ಲಿ ಶಾಸನ ಕಂಡರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಖಚಿತವಾದದ್ದು ಅದರಿಂದ. ಅದು ನಮ್ಮ ಹೆಮ್ಮೆ, ಅದಕ್ಕೆ ಚೂರೂ ಕುಂದು ಬರಬಾರದು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಆ ಗೆರೆ ಯಾವ ಮನೆಯ ಮೇಲೆ ಹಾಯುತ್ತದೆಂದು ಓಣಿಯ ಜನಕ್ಕೆ ತಿಳಿಯದು. ಹೆದರಿಕೆಯಿಂದ ಸೋರುವ ಮಾಳಿಗೆಯನ್ನೂ ಮುಟ್ಟದೆ ಕೂತವರಿದ್ದಾರೆ. 1992ರ ಜೂನ್ 16ಕ್ಕೆ ಮೊದಲಿನ ಮನೆಗಳಿಗೆ ನಿಷೇಧಿತ ಪ್ರದೇಶದಲ್ಲಿಯೂ ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಪುರಾತತ್ವ ಇಲಾಖೆಯೊಂದಿಗೆ ಜಂಟಿ ಸರ್ವೆ ನಡೆಸಿ ಕಲ್ಲು ನೆಟ್ಟು ಗಡಿ ತೋರಿಸಬೇಕು; ಅರ್ಜಿ ಬರೆದುಕೊಡಲು ಊರಲ್ಲೇ ಒಬ್ಬ ಸಿಬ್ಬಂದಿ ಇರಬೇಕು. ಶಾಸನ ನೋಡಲು ಬರುವವರು ಬಂಡೆ ನೋಡಿ, ಬಂದ ಕಾರಿನಲ್ಲೇ ಹಿಂತಿರುಗುತ್ತಾರೆ. ಊರೊಳಗೆ ಕಾಲಿಡಲು ಶುಚಿಯಾದ ದಾರಿ, ಒಂದು ಶೌಚಾಲಯ, ಕೂರಲು ನೆರಳು ಇದ್ದರೆ ಒಂದು ಕಪ್ ಚಹಾವಾದರೂ ಇಲ್ಲಿ ಮಾರಾಟವಾದೀತು.

ಮೇಲ್ಮುದ್ದಿ ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿಕೊಳ್ಳಲು ಸಹಾಯಧನ ಬೇಕು. ಈ ಕಲ್ಲು-ಮಣ್ಣಿನ ಗೋಡೆ ರಾಯಚೂರು ಸೀಮೆಯ ಬೇಸಿಗೆಗೆ ಹೇಳಿ ಮಾಡಿಸಿದ್ದು. ಅದನ್ನು ಕೆಡವಿದರೆ ಮಾತ್ರ ಹಣ ಎಂಬ ಷರತ್ತು ಬೇಡ. ಸಾಲ ತೆಗೆಯೋಣವೆಂದರೆ ಮನೆಯ ಖಾತಾ ಇನ್ನೂ ಮುತ್ತಜ್ಜನ ಹೆಸರಲ್ಲಿದೆ. ಅಣ್ಣತಮ್ಮಂದಿರಲ್ಲಿ ಒಬ್ಬ ಪುಣೆಯಲ್ಲಿ, ಒಬ್ಬ ಹೈದರಾಬಾದಿನಲ್ಲಿ. ಬ್ಯಾಂಕಿಗೆ ಹೋದರೆ ಕಾಗದವಿಲ್ಲ. ಗುಳೆ ಹೋದವರು ಉಗಾದಿಗೆ ಊರಿಗೆ ಬಂದಾಗ ಓಣಿಯಲ್ಲೇ ಇ-ಖಾತಾ ಶಿಬಿರ ನಡೆಸಿ, ಪೌತಿ ಖಾತಾ ಸಮೇತ ಮುಗಿಸಿಕೊಡಬೇಕು.

ರಸ್ತೆ ಅಗಲೀಕರಣದ ಹೆಸರಲ್ಲಿ ಹಳೇ ಪೇಟೆಯ ತರಕಾರಿ, ಬಳೆ, ಹೂವು ಮಾರುವವರನ್ನು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮಾಡದೆ ಎಬ್ಬಿಸಬಾರದು. ಇನ್ನು ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ನಮ್ಮವು ಆ ಅಳತೆಗೆ ಸಣ್ಣವು. ಆದರೂ ಮಂಡಳಿಯ ಹಣ ಬರುವ ಓಣಿಯಲ್ಲಿ ಒಂದು ಸಭೆ ಕರೆದು ಹೆಣ್ಣುಮಕ್ಕಳ ಮಾತು ಕೇಳಿಯೇ ಕ್ರಿಯಾಯೋಜನೆ ಬರೆಯಬೇಕು. ನೀರು ಎಲ್ಲಿಂದ ನುಗ್ಗುತ್ತದೆಂದು ಅವರಿಗೆ ಗೊತ್ತಿದೆ.

ಮುಂಗಾರಿಗೆ ಮೊದಲು ಮೂರೂ ಊರುಗಳಲ್ಲಿ ಒಂದೊಂದು ಓಣಿ ಆರಿಸಿ ಕೆಲಸ ಆರಂಭಿಸಬೇಕು. ಅದಕ್ಕೂ ಮುನ್ನ ತಾವು ಅಧಿಕಾರಿಗಳೊಂದಿಗೆ ನಡೆದುಕೊಂಡೇ ಮಸ್ಕಿಯ ನಮ್ಮ ಓಣಿಗೆ ಬರಬೇಕು. ಆ ಮನೆಯ ಹೂತ ಮೆಟ್ಟಿಲ ಜಾಗವನ್ನು ನಾವೇ ಮುಂದೆ ನಿಂತು ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಸ್ಕಿ, ಲಿಂಗಸುಗೂರು, ಸಿಂಧನೂರು ಹಳೇ ಊರುಗಳ ನಿವಾಸಿಗಳು
(ಸಹಿ ಹಾಗೂ ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)