ಒಂದು ತುತ್ತಿನ ಸೇಬು

ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ಮೊಬೈಲ್ ತುಂಬಾ ಉದುರಿದ ಕೆಂಪು ಎಲೆ, ಉಣ್ಣೆ ಸ್ವೆಟರು, ಹಬೆಯಾಡುವ ಆಪಲ್ ಪೈ. ನಮ್ಮ ಕಡೂರಿನಲ್ಲಿ ಆಗ ಎಲೆ ಉದುರುವುದಿಲ್ಲ. ರಾಗಿ ಹೊಲ ತೆನೆ ಬಿಡುತ್ತಿರುತ್ತದೆ, ಬೆಳಗ್ಗೆ ಬೈಕ್ ಸೀಟು ಒರೆಸಿಕೊಂಡೇ ಕೂರಬೇಕು, ಅಷ್ಟು ಇಬ್ಬನಿ. ಆದ್ರೆ ಹಣ್ಣಿನ ತಳ್ಳುಗಾಡಿ ಕಡೆ ನೋಡಿ, ಅಲ್ಲಿ ಸೇಬಿನದೇ ರಾಶಿ. ಹಿಮಾಚಲದ ಹಣ್ಣು ಜುಲೈನಿಂದಲೇ ಇಳಿಯುತ್ತದೆ, ಕಾಶ್ಮೀರದ್ದು ಆಗಸ್ಟ್‌ನಿಂದ ನವೆಂಬರ್‌ವರೆಗೆ. ಬೇಸಿಗೆಯಲ್ಲಿ ನಾವು ತಿನ್ನುವ ಸೇಬು ಬಹುಪಾಲು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕೂತಿದ್ದದ್ದು, ಇಲ್ಲವೇ ಹೊರದೇಶದ್ದು. ಹಾಗಾಗಿ ಎಲೆ ಉದುರದಿದ್ದರೂ ಸೇಬಿಗೂ ನಮ್ಮ ಶರದೃತುವಿಗೂ ಲೆಕ್ಕ ಸರಿಯಾಗೇ ಕೂಡುತ್ತೆ. ದಸರಾದಿಂದ ದೀಪಾವಳಿವರೆಗೆ ಸೇಬು, ಚಕ್ಕೆ ಸೇರಿಸಿ ಏನಾದರೂ ಸಿಹಿ ಮಾಡೋದಕ್ಕೆ ಇದೇ ಕಾಲ.

ಈ ಸಲ ಹೇಳ್ತಿರೋದು ದೊಡ್ಡ ಪೈ ಬಗ್ಗೆ ಅಲ್ಲ. ಒಂದೇ ಬಾಯಿಗೆ ಹಿಡಿಸುವ ಪುಟ್ಟ ಸಿಹಿ ಬಗ್ಗೆ. ಆ ಗಾತ್ರಕ್ಕೆ ಒಂದು ಕಾರಣ ಇದೆ.

ತರೀಕೆರೆಯಲ್ಲಿರುವ ಅಕ್ಕನ ಮನೆಯಲ್ಲಿ ದಸರಾ ಬೊಂಬೆ ಕೂರಿಸುತ್ತಾರೆ. ಬೊಂಬೆ ನೋಡೋಕೆ ಬರುವ ಮಕ್ಕಳಿಗೆ ಸಂಜೆ ಬೊಂಬೆ ಬಾಗಿನ ಕೊಡಬೇಕು. ಒಂಬತ್ತು ದಿನ, ದಿನಕ್ಕೊಂದು ತಿಂಡಿ, ಪ್ರತಿ ಮಗುವಿಗೂ ಅಂಗೈ ತುಂಬುವಷ್ಟು. ತಟ್ಟೆ, ಚಮಚದ ತಾಪತ್ರಯ ಇರಬಾರದು, ಫ್ರಾಕಿಗೆ ಮೆತ್ತಿಕೊಳ್ಳಬಾರದು, ಪಕ್ಕದ ಮನೆ ಬೊಂಬೆ ನೋಡೋಕೆ ಓಡುತ್ತಾ ತಿನ್ನುವಂತಿರಬೇಕು. ಒಂದು ತುತ್ತಿನ ಸಿಹಿ ಅನ್ನೋದು ನಮಗೆ ಹೊಸ ಫ್ಯಾಷನ್ ಏನಲ್ಲ. ಬೊಂಬೆ ಕೂರಿಸುವ ಮನೆಗಳಿಗೆ ಅದು ಹಳೇ ಲೆಕ್ಕ.

ಇನ್ನೊಂದು ಕಡೆ ಅಜ್ಜಂಪುರದಲ್ಲಿ ಮಾವನ ಮನೆ, ಅಲ್ಲಿ ನಮ್ಮಜ್ಜಿ. ವಯಸ್ಸು 84. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ಜ್ವರ ಬಂದು ಹೋಯಿತು, ಅದರ ಜೊತೆ ಊಟವೂ ಹೋಯಿತು. ಹಲ್ಲಿನ ಸೆಟ್ ಸಡಿಲ. ಹಬ್ಬಕ್ಕೆ ಮನೆ ತುಂಬಾ ಚಕ್ಕುಲಿ, ಕೋಡುಬಳೆ, ರವೆ ಉಂಡೆ ಇದ್ದರೂ "ನಂಗೆ ಬೇಡ ಕಣೋ, ನೀವು ತಿನ್ನಿ" ಅಂದುಬಿಡೋರು. ತೂಕ ಇಳೀತಾನೇ ಇತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು: "ಒಂದೇ ಸಲಕ್ಕೆ ತುಂಬಾ ಕೊಡಬೇಡಿ, ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಿ." ಅತ್ತೆ ದೊಡ್ಡ ತುಂಡು ಕೇಕ್ ತಟ್ಟೆಗೆ ಹಾಕಿ ಕೊಟ್ಟರೆ ಅಜ್ಜಿಗೆ ನೋಡಿಯೇ ಸಾಕಾಗಿಬಿಡುತ್ತಿತ್ತು. ಪೂರ್ತಿ ತಿನ್ನೋಕಾಗಲ್ಲ, ಎಂಜಲು ಬಿಡೋಕೆ ಮನಸ್ಸಿಲ್ಲ. ಅದಕ್ಕೆ ಮುಟ್ಟೋದೇ ಬೇಡ ಅಂತ.

ಹೋದ ವರ್ಷ ವಿಜಯದಶಮಿ ದಿನ ಅಮ್ಮನೂ ನಾನೂ ಕಡೂರಿನಿಂದ ಡಬ್ಬಿಯಲ್ಲಿ ಸೇಬಿನ ಪಡ್ಡು ತಗೊಂಡು ಹೋದೆವು. ಬನ್ನಿ ಕೊಟ್ಟು, ನಮಸ್ಕಾರ ಮಾಡಿ, ಒಂದೇ ಒಂದು ಪಡ್ಡು ಅಜ್ಜಿ ಕೈಗಿಟ್ಟೆ. ತಿಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಟಿವಿಯಲ್ಲಿ ಜಂಬೂಸವಾರಿ ಮುಗಿಯೋ ಹೊತ್ತಿಗೆ ಮೂರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಬೆರಳಲ್ಲಿ ಮೂರು ಅಂತ ತೋರಿಸಿದರು, ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಜ್ಜಿ ನಿಲ್ಲಿಸಿಬಿಡುತ್ತಿದ್ದರು.

ಈಗ ಅಡುಗೆಗೆ ಬರೋಣ. ಸೇಬಿನ ಸಿಹಿ ಕೆಡೋದು ಬಹುಮಟ್ಟಿಗೆ ಒಂದೇ ಕಾರಣಕ್ಕೆ, ನೀರು. ಸೇಬಿನ ತೂಕದಲ್ಲಿ ಸುಮಾರು 85 ಭಾಗ ನೀರೇ. ಹಸಿ ಹೋಳನ್ನು ಹಿಟ್ಟಿನೊಳಗೆ ಇಟ್ಟರೆ ಬೇಯುವಾಗ ಆ ನೀರು ಹೊರಗೆ ಬಂದು ತಳ ಒದ್ದೆಮುದ್ದೆ. ಅದಕ್ಕೇ ಮೊದಲು ಸೇಬಿನ ಹೂರಣ ಮಾಡಿಕೊಂಡು ನೀರು ಆರಿಸಬೇಕು. ಹೋಳಿಗೆ ಮಾಡುವವರ ಮನೆಯಲ್ಲಿ ಇದನ್ನ ಯಾರಿಗೂ ಕಲಿಸಬೇಕಾಗಿಲ್ಲ. ಗಾತ್ರ ಚಿಕ್ಕದಾದರೆ ಇನ್ನೂ ಒಂದು ಅನುಕೂಲ ಇದೆ. ಬಿಸಿ ನಡುವಿನವರೆಗೆ ಬೇಗ ತಲುಪುತ್ತೆ. ದೊಡ್ಡ ಪೈಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕಾದರೆ ಪುಟ್ಟ ಬಟ್ಟಲಿಗೆ 20 ನಿಮಿಷ ಸಾಕು, ಪಡ್ಡಿನ ಕಾವಲಿಯಲ್ಲಿ 7-8 ನಿಮಿಷ.

ಯಾವ ಸೇಬು? ನಮ್ಮೂರಲ್ಲಿ ಹೆಚ್ಚು ಸಿಗೋದು ಕೆಂಪು ಡೆಲಿಷಿಯಸ್ ಜಾತಿ. ಅಮೆರಿಕದಿಂದ ಬಂದು ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಅಲ್ಲಿ ನೆಟ್ಟು ಬೆಳೆಸಿದ ತಳಿ ಅದು. ಮುಂದೆ ಅವರು ಸತ್ಯಾನಂದ ಸ್ಟೋಕ್ಸ್ ಆದರು. ಹಾಗೇ ತಿನ್ನೋಕೆ ರುಚಿ, ಆದ್ರೆ ಹುಳಿ ಕಡಿಮೆ, ಬೇಯಿಸಿದರೆ ಬೇಗ ಮೆತ್ತಗಾಗುತ್ತೆ. ಹಸಿರು ಗ್ರಾನಿ ಸ್ಮಿತ್ ಹುಳಿ ಜಾಸ್ತಿ, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತೆ, ಬೆಲೆಯೂ ಜಾಸ್ತಿ. ಕೆಂಪು ಸೇಬನ್ನೇ ತಗೊಳ್ಳಿ, ಗಟ್ಟಿಯಾಗಿರೋದನ್ನ ಆರಿಸಿ, ಹುಳಿಗೆ ನಿಂಬೆರಸ ಹಾಕಿ. ಅಜ್ಜಿಯಂಥವರಿಗೆ ಮೆತ್ತಗಾಗೋದೇ ಒಳ್ಳೇದು.

ಚಕ್ಕೆ ವಿಷಯ. ಅಂಗಡಿಯಲ್ಲಿ ಸಿಗೋ ದಪ್ಪ, ಗಟ್ಟಿ, ಒಂದೇ ಪದರದ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ. ನಿಜವಾದ ದಾಲ್ಚಿನ್ನಿ ತೆಳ್ಳಗೆ, ಸಿಗಾರಿನ ಹಾಗೆ ಪದರ ಪದರವಾಗಿ ಸುತ್ತಿಕೊಂಡಿರುತ್ತೆ, ಬೆರಳಲ್ಲೇ ಮುರಿಯುತ್ತೆ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಅಂಶ ಹೆಚ್ಚು. ದಿನಾ ಜಾಸ್ತಿ ತಿಂದರೆ ಯಕೃತ್ತಿಗೆ ಒಳ್ಳೇದಲ್ಲ. ಹಬ್ಬದ ಸಿಹಿಗೆ ಹಾಕುವ ಅರ್ಧ ಚಮಚದಿಂದ ಗಾಬರಿ ಪಡಬೇಕಾಗಿಲ್ಲ. ಆದ್ರೆ "ಚಕ್ಕೆ ಶುಗರ್‌ಗೆ ಒಳ್ಳೇದು" ಅಂತ ದಿನಾ ಬೆಳಗ್ಗೆ ಚಮಚಗಟ್ಟಲೆ ಪುಡಿ ಕಲಸಿ ಕುಡಿಯುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಡಾಕ್ಟರನ್ನ ಒಂದು ಮಾತು ಕೇಳಿ. ಪುಡಿ ಪ್ಯಾಕೆಟ್‌ಗಿಂತ ಚಕ್ಕೆ ತಂದು, ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡರೆ ಘಮವೇ ಬೇರೆ.

ಹೂರಣಕ್ಕೆ: ಮಧ್ಯಮ ಗಾತ್ರದ 2 ಸೇಬು (ಸುಮಾರು 350 ಗ್ರಾಂ), ಬೆಲ್ಲದ ಪುಡಿ 40 ಗ್ರಾಂ, ತುಪ್ಪ 2 ಟೀ ಚಮಚ, ನಿಂಬೆರಸ 1 ಟೀ ಚಮಚ, ಚಕ್ಕೆ ಪುಡಿ ಅರ್ಧ ಟೀ ಚಮಚ, ಚಿಟಿಕೆ ಉಪ್ಪು. ಸಿಪ್ಪೆ, ಬೀಜ ತೆಗೆದು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ತುಪ್ಪ ಬಿಸಿಯಾದ ಮೇಲೆ ಉರಿ ಸಣ್ಣ ಮಾಡಿ, ಅರ್ಧ ಚಕ್ಕೆ ಪುಡಿ ಹಾಕಿ. ಅದರ ಘಮ ಜಿಡ್ಡಿನಲ್ಲೇ ಚೆನ್ನಾಗಿ ಬಿಡೋದು. ಕೂಡಲೇ ಸೇಬು, ಉಪ್ಪು ಹಾಕಿ 4-5 ನಿಮಿಷ ಬಾಡಿಸಿ, ಮುಚ್ಚಬೇಡಿ. ಆಮೇಲೆ ಬೆಲ್ಲ, ನಿಂಬೆರಸ. ಬೆಲ್ಲ ಕರಗಿ ನೀರಾಗುತ್ತೆ, ಮತ್ತೆ ಗಟ್ಟಿಯಾಗುತ್ತೆ. ಬಾಣಲೆ ಓರೆ ಮಾಡಿದಾಗ ರಸ ಹರಿಯಬಾರದು, ಅದೇ ಗುರುತು. ಒಲೆ ಆರಿಸಿ ಉಳಿದ ಚಕ್ಕೆ ಪುಡಿ ಸೇರಿಸಿ, ಪೂರ್ತಿ ಆರಲು ಬಿಡಿ.

ಪಡ್ಡು ಮಾಡೋದಾದರೆ: ಗೋಧಿಹಿಟ್ಟು 1 ಕಪ್, ಸಣ್ಣ ರವೆ 2 ದೊಡ್ಡ ಚಮಚ, ಮೊಸರು ಅರ್ಧ ಕಪ್, ಅರ್ಧ ಕಪ್ ನೀರಿನಲ್ಲಿ ಕರಗಿಸಿ ಸೋಸಿದ 20 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು. ಕಲಸಿ 15 ನಿಮಿಷ ಬಿಡಿ, ರವೆ ನೆನೆಯಲಿ. ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕಿರಲಿ, ಗಟ್ಟಿ ಅನ್ನಿಸಿದರೆ ಎರಡು ಚಮಚ ನೀರು. ಹೂರಣ ಬೆರೆಸಿ, ಕಾವಲಿ ಕಾದ ಮೇಲೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ ಒಂದೇ ಸಲ ತಿರುಗಿಸಿ. ಮೊಸರಿನ ಹುಳಿಗೆ ಸೋಡಾ ಕೂಡಲೇ ಉಬ್ಬುತ್ತೆ, ಹಾಕಿ ಇಟ್ಟರೆ ಗಾಳಿಯೆಲ್ಲ ಹೋಗಿಬಿಡುತ್ತೆ. ಗುಳಿಗೆ ತುಪ್ಪ ಸವರಿ ಮುಕ್ಕಾಲು ಭಾಗ ತುಂಬಿ, ಮುಚ್ಚಿ, ಸಣ್ಣ ಉರಿಯಲ್ಲಿ 4 ನಿಮಿಷ. ತಿರುವಿ ಹಾಕಿ ಮತ್ತೆ 3 ನಿಮಿಷ. ಸುಮಾರು 20 ಆಗುತ್ತೆ. ಓವನ್ ಬೇಡ, ಕರೆಂಟ್ ಹೋದರೂ ಚಿಂತೆ ಇಲ್ಲ.

ಓವನ್ ಇದ್ದವರಿಗೆ ರಾಗಿ ಬಟ್ಟಲು. ಅಕ್ಕನ ಮನೆಯ ಪುಟ್ಟ ಓವನ್‌ನಲ್ಲಿ ನಾವು ಮಾಡೋದು ಇದನ್ನೇ. ಮೈದಾ 100 ಗ್ರಾಂ, ರಾಗಿಹಿಟ್ಟು 50 ಗ್ರಾಂ, ತಣ್ಣನೆ ಬೆಣ್ಣೆ 75 ಗ್ರಾಂ, ಸಕ್ಕರೆ ಪುಡಿ 2 ದೊಡ್ಡ ಚಮಚ, ಚಿಟಿಕೆ ಉಪ್ಪು. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ ಪುಡಿಪುಡಿ ಮಾಡಿ, 2-3 ದೊಡ್ಡ ಚಮಚ ತಣ್ಣೀರು ಚಿಮುಕಿಸಿ ಮುದ್ದೆ ಕಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ರಾಗಿ ಇದಕ್ಕಿಂತ ಜಾಸ್ತಿ ಬೇಡ. ಅದರಲ್ಲಿ ಅಂಟು ಇಲ್ಲ, ಬಟ್ಟಲು ಉದುರಿ ಹೋಗುತ್ತೆ. ನಿಂಬೆ ಗಾತ್ರಕ್ಕಿಂತ ಚಿಕ್ಕ ಉಂಡೆ ಮಾಡಿ, ಮಿನಿ ಮಫಿನ್ ತಟ್ಟೆಯ ಗುಳಿಗೆ ಬೆರಳಲ್ಲಿ ಒತ್ತಿ ಬಟ್ಟಲು ಮಾಡಿ. ತಳಕ್ಕೆ ಒಂದು ಚಿಟಿಕೆ ಬೇಕರಿ ರಸ್ಕ್ ಪುಡಿ ಉದುರಿಸಿ, ಉಳಿದ ರಸವನ್ನ ಅದು ಹೀರಿಕೊಳ್ಳುತ್ತೆ. ಹೂರಣ ತುಂಬಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿಯಲ್ಲಿ 18-20 ನಿಮಿಷ. ಹತ್ತು ನಿಮಿಷ ತಟ್ಟೆಯಲ್ಲೇ ಆರಲಿ, ಬಿಸಿಯಲ್ಲಿ ಎತ್ತಿದರೆ ಮುರಿಯುತ್ತೆ. ಇದರಲ್ಲೂ ಮೊಟ್ಟೆ ಇಲ್ಲ. ಅಯ್ಯಂಗಾರ್ ಬೇಕರಿಯ ಕೊಬ್ಬರಿ ತುಂಬಿದ ದಿಲ್ ಪಸಂದ್ ತಿಂದು ಬೆಳೆದವರಿಗೆ ಈ ರುಚಿ ಪರಕೀಯ ಅನ್ನಿಸಲ್ಲ.

ಪಡ್ಡು ಅವತ್ತಿಗೇ ಚೆನ್ನ. ಫ್ರಿಜ್‌ನಲ್ಲಿ ಎರಡು ದಿನ ಇಟ್ಟು ಕಾವಲಿ ಮೇಲೆ ಬಿಸಿ ಮಾಡಬಹುದು. ರಾಗಿ ಬಟ್ಟಲು ಅವತ್ತೇ ಕಟ್ಟಿದರೆ ಡಬ್ಬಿಯಲ್ಲಿ ಬೀರೂರಿನಿಂದ ಬೆಂಗಳೂರಿನ ರೈಲು ಪ್ರಯಾಣ ಆರಾಮಾಗಿ ತಡೆಯುತ್ತೆ. ಹೂರಣವನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟುಕೊಂಡರೆ, ಆಫೀಸ್ ಕಾಲ್ ಮುಗಿಸಿ ಎದ್ದ ಮೇಲೂ ಬೊಂಬೆ ಹೊತ್ತಿಗೆ ಬಾಗಿನ ತಯಾರು.

ಇನ್ನು ಶುಗರ್ ಇರುವವರು. ನಮ್ಮಪ್ಪನೂ ಅವರಲ್ಲಿ ಒಬ್ಬರು. "ಬೆಲ್ಲದ್ದಲ್ವಾ, ಏನೂ ಆಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಆದ್ರೆ ಇಲ್ಲಿ ಲೆಕ್ಕ ಹಾಕೋದು ಸುಲಭ: 20 ಪಡ್ಡಿಗೆ ಒಟ್ಟು 60 ಗ್ರಾಂ ಬೆಲ್ಲ, ಒಂದಕ್ಕೆ 3 ಗ್ರಾಂ. ಅದರ ಮೇಲೆ ಸೇಬಿನ ಸಿಹಿ, ಹಿಟ್ಟು. ಒಂದು ತುಂಡು ಕೇಕಿನಲ್ಲಿ ಎಷ್ಟಿದೆ ಅಂತ ಅಪ್ಪನಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಪಡ್ಡಾದರೆ "ಎರಡು" ಅಂದರೆ ಎರಡೇ. ಅಪ್ಪ ಈಗ ಸಂಜೆ ಚಪಾತಿಯಲ್ಲಿ ಒಂದು ಕಮ್ಮಿ ಮಾಡಿ, ಎರಡು ಪಡ್ಡು ತಗೊಂಡು, ಎಲ್ಲರ ಜೊತೆ ಕೂತು ತಿಂತಾರೆ. ಮೊದಲು ಸಿಹಿ ಹಂಚುವ ಹೊತ್ತಿಗೆ ಎದ್ದು ಹೊರಗಡೆ ಜಗಲಿಗೆ ಹೋಗಿಬಿಡೋರು.

ನಿಮ್ಮ ಮನೆಯಲ್ಲೂ ಹಬ್ಬದ ದಿನ "ನಂಗೆ ಬೇಡ" ಅನ್ನೋರು ಒಬ್ಬರಾದರೂ ಇರ್ತಾರೆ. ಅವರಿಗೆ ಸಿಹಿ ಬೇಡವೋ, ಅಷ್ಟು ದೊಡ್ಡದು ಬೇಡವೋ, ಕೇಳಿ ನೋಡಿ. ಮಾರ್ಕೆಟ್‌ನಲ್ಲಿ ಸೇಬು ಬಂದಿದೆ, ಪಡ್ಡಿನ ಕಾವಲಿ ಅಟ್ಟದ ಮೇಲಿದೆ. ಈ ಶನಿವಾರ ಇಳಿಸಿ. ಮೊದಲ ಒಬ್ಬೆ ಇಳಿದ ತಕ್ಷಣ ಎಲ್ಲರಿಗೂ ಹಂಚೋಕೆ ಮುಂಚೆ ಒಂದೇ ಒಂದನ್ನ ಅವರ ಕೈಗಿಡಿ, ತಟ್ಟೆ ಬೇಡ.