ಸ್ಕ್ಯಾನ್‌ನಲ್ಲಿ ಬಿಳಿ ಮಚ್ಚೆ ಕಂಡರೆ ಮರೆಗುಳಿ ಕಾಯಿಲೆ ಖಚಿತವೇ?

ಮನೆಯ ಹಿರಿಯರಿಗೆ ತಲೆಸುತ್ತು ಎಂದು ಮಿದುಳಿನ ಎಂಆರ್‌ಐ ಮಾಡಿಸಿದ್ದೀರಿ. ರಿಪೋರ್ಟ್‌ನಲ್ಲಿ 'ವೈಟ್ ಮ್ಯಾಟರ್ ಚೇಂಜಸ್' ಎಂದಿದೆ. ಫ್ಯಾಮಿಲಿ ಗ್ರೂಪ್‌ಗೆ ಹಾಕಿದ ಕೂಡಲೇ ಒಬ್ಬರು 'ಇದು ಡಿಮೆನ್ಷಿಯಾ' ಎನ್ನುತ್ತಾರೆ, ಇನ್ನೊಬ್ಬರು 'ವಯಸ್ಸಾಯಿತಲ್ಲ, ಬಿಡಿ' ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ.

ವೈಟ್ ಮ್ಯಾಟರ್ ಎಂದರೇನು?
ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರೈಲನ್ನು ನೆನೆಯಿರಿ. ಕೋರಮಂಡಲ್, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳೆಲ್ಲ ಚೆನ್ನಾಗಿದ್ದರೂ ನಡುವೆ ಹಳಿ ಕೆಟ್ಟರೆ ರೈಲು ನಿಧಾನವಾಗುತ್ತದೆ. ಮಿದುಳಿನ ಬೂದು ಭಾಗ ನಿಲ್ದಾಣವಾದರೆ, ಅವುಗಳನ್ನು ಜೋಡಿಸುವ ನರತಂತುಗಳ ಬಿಳಿ ಭಾಗ (ವೈಟ್ ಮ್ಯಾಟರ್) ಹಳಿ. ಬಿಪಿ, ಶುಗರ್, ಧೂಮಪಾನದಿಂದ ಸಣ್ಣ ರಕ್ತನಾಳಗಳು ಹಾಳಾದಾಗ ಈ ತಂತುಗಳಿಗೂ ಪೆಟ್ಟು ಬೀಳುತ್ತದೆ. ಯೋಚನೆಯ ವೇಗ, ನಡಿಗೆ ಎರಡೂ ನಿಧಾನವಾಗಬಹುದು.

ಸ್ಕ್ಯಾನ್ ಏನು ತೋರಿಸುತ್ತದೆ?
ಎಂಆರ್‌ಐನ 'ಫ್ಲೇರ್' ಚಿತ್ರದಲ್ಲಿ ಈ ಜಾಗಗಳು ಬೆಳ್ಳಗೆ ಹೊಳೆಯುತ್ತವೆ. ವೈದ್ಯರು ಇವನ್ನು ಫಜೇಕಾಸ್ ಮಾಪನದಲ್ಲಿ 0ಯಿಂದ 3ರವರೆಗೆ ಗುರುತಿಸುತ್ತಾರೆ. 1 ಎಂದರೆ ಅಲ್ಲಲ್ಲಿ ಚುಕ್ಕೆ. ಅರವತ್ತು ದಾಟಿದ ಬಹಳ ಜನರಲ್ಲಿ ಇದು ಇರುತ್ತದೆ. 3 ಎಂದರೆ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಆಗ ಅಪಾಯ ಹೆಚ್ಚು. ಆದರೂ ಸ್ಕ್ಯಾನ್ ಒಂದರಿಂದಲೇ ಡಿಮೆನ್ಷಿಯಾ ಎಂದು ಹೇಳಲಾಗದು. ನೆನಪು, ಮಾತು, ದಿನದ ಕೆಲಸಗಳ ಪರೀಕ್ಷೆ ಬೇಕು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ.

ನಮ್ಮ ಜಿಲ್ಲೆಯಲ್ಲೇ ಅಧ್ಯಯನ
ಇದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ 'ಸ್ಯಾನ್ಸ್‌ಕಾಗ್' ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವುದು ಗುರಿ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆಯ ಜೊತೆ ಎಂಆರ್‌ಐ ಕೂಡ ಇದರಲ್ಲಿದೆ. ಕಾಯಿಲೆ ಬಂದ ಮೇಲೆ ತೆಗೆದ ಒಂದು ಚಿತ್ರಕ್ಕಿಂತ, ಆರೋಗ್ಯವಾಗಿದ್ದಾಗಿನಿಂದ ತೆಗೆದ ಹಲವು ಚಿತ್ರಗಳು ಬದಲಾವಣೆ ಯಾವಾಗ ಶುರುವಾಯಿತು ಎಂದು ಹೇಳಬಲ್ಲವು.

ಮಚ್ಚೆ ಹೆಚ್ಚದಂತೆ ತಡೆಯಬಹುದೇ?
ವೇಗ ತಗ್ಗಿಸಬಹುದು. ಅಮೆರಿಕದ 'ಸ್ಪ್ರಿಂಟ್ ಮೈಂಡ್' ಅಧ್ಯಯನದಲ್ಲಿ (2019) ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗಿಡಲು ಚಿಕಿತ್ಸೆ ಪಡೆದವರಲ್ಲಿ ಸುಮಾರು ನಾಲ್ಕು ವರ್ಷಗಳಲ್ಲಿ ಮಚ್ಚೆಗಳು 0.92 ಘನ ಸೆಂ.ಮೀ. ಹೆಚ್ಚಿದವು, 140ರ ಗುರಿಯವರಲ್ಲಿ 1.45. ಹಾಗೆಂದು ಮಾತ್ರೆಯನ್ನು ನೀವೇ ಹೆಚ್ಚಿಸಬೇಡಿ; ಎಷ್ಟು ಬಿಪಿ ಸರಿ ಎಂದು ವೈದ್ಯರನ್ನೇ ಕೇಳಿ.

ಎಲ್ಲಿ ತೋರಿಸಬೇಕು?
ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆ 'ಕಭಿ' ಮೊದಲು ಬಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ನಾವು ಹೇಳುವುದಿಷ್ಟು: ಬಿಳಿ ಮಚ್ಚೆ ಡಿಮೆನ್ಷಿಯಾ ತೀರ್ಪಲ್ಲ, ಎಚ್ಚರಿಕೆ. ರಿಪೋರ್ಟನ್ನು ಗ್ರೂಪ್‌ಗೆ ಕಳಿಸುವ ಮೊದಲು ವೈದ್ಯರಿಗೆ ತೋರಿಸಿ, ಅವತ್ತೇ ಬಿಪಿ ನೋಡಿಸಿ.